ಪ್ಯಾಡೆಲ್ ರ‍್ಯಾಕೆಟ್: ನನ್ನ ಆಟಕ್ಕೆ ಯಾವ ಆಕಾರದ್ದು ಸರಿ?

ಪ್ಯಾಡೆಲ್ (ಗಾಜಿನ ಗೋಡೆಗಳಿರುವ ಅಂಗಳದಲ್ಲಿ ಆಡುವ, ಟೆನಿಸ್‌ನಂಥ ಆಟ) ಆಡಲು ಶುರು ಮಾಡಿ ಎರಡೇ ತಿಂಗಳು, ಸ್ಮ್ಯಾಶ್ ಜೋರಾಗಿ ಬರಲಿ ಅಂತ ಡೈಮಂಡ್ ಆಕಾರದ್ದು ಕೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಅದರಲ್ಲಿ ತೂಕ ತಲೆಯ ಕಡೆ ಇರುತ್ತದೆ, ಚೆಂಡು ಸರಿಯಾಗಿ ತಗುಲಬೇಕಾದ ಜಾಗವೂ ಮೇಲಿದೆ, ಚಿಕ್ಕದು ಬೇರೆ. ಹೊಡೆತಕ್ಕೆ ಬಲ ಸಿಗುತ್ತದೆ ನಿಜ, ಆದರೆ ಹಿಂದಿನ ಗಾಜಿಗೆ ಬಡಿದು ಬಂದ ಚೆಂಡನ್ನು ಅವಸರದಲ್ಲಿ ಎತ್ತುವಾಗ ಕೊಂಚ ಆಚೀಚೆ ತಗುಲಿದರೂ ನೆಟ್‌ಗೇ ಹೋಗುತ್ತದೆ. ದುಂಡಗಿನದರಲ್ಲಿ ಆ ಜಾಗ ದೊಡ್ಡದು, ನಡುವೆಯೇ ಇರುತ್ತದೆ. ಲಾಬ್ (ಎದುರಾಳಿಯ ತಲೆಯ ಮೇಲಿಂದ ಹೋಗುವ ಎತ್ತರದ ಹೊಡೆತ) ಎತ್ತಿ ಕಾಯುವ ಆಟಕ್ಕೆ ಅದೇ ಸರಿ. ಎರಡರ ಮಧ್ಯದ್ದು ನೀರಿನ ಹನಿ ಆಕಾರದ್ದು. ತೂಕ 350ರಿಂದ 365 ಗ್ರಾಂ ಇದ್ದರೆ ಸಾಕು. ಮೊಣಕೈ ನೋವಿದ್ದರೆ ಒಳಗಿನ ಫೋಮ್ ಮೆತ್ತಗಿರಲಿ. ಚೆಂಡು ಹೊಡೆಯುವ ಮೈ ಕಾರ್ಬನ್ನಿನದು ಅಂತ ಸುಮ್ನೆ ಜಾಸ್ತಿ ದುಡ್ಡು ಯಾಕೆ, ಸದ್ಯಕ್ಕೆ ಫೈಬರ್‌ಗ್ಲಾಸ್ ನಡೆಯುತ್ತದೆ ಅಲ್ವಾ?