ಉರಿಮೂತ್ರದ ಮಾತ್ರೆಗೆ ಉದುರದ ಕೂದಲು ಕೀಮೋಗೆ ಏಕೆ ಉದುರಿತು?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ. ಕೆಂಪು ಬಣ್ಣದ ಔಷಧಿ ಹಾಕಿದ ಮೇಲೆ ಕೂದಲೆಲ್ಲ ಉದುರಿತು, ಬಾಯಲ್ಲಿ ಹುಣ್ಣಾಯಿತು, ಬಿಳಿ ರಕ್ತಕಣ ಇಳಿಯಿತು. ಜ್ವರ ಬಂದರೆ ಮಧ್ಯರಾತ್ರಿಯಾದರೂ ಬನ್ನಿ ಎಂದಿದ್ದಾರೆ ಡಾಕ್ಟರ್. ಹೋದ ವರ್ಷ ಉರಿಮೂತ್ರಕ್ಕೆ ಆಂಟಿಬಯಾಟಿಕ್ ತಗೊಂಡಾಗ ಇಂಥದ್ದೇನೂ ಆಗಿರಲಿಲ್ಲ. ಒಂದು ಜ್ವರಕ್ಕೆ ಇಷ್ಟು ಗಾಬರಿ ಬೇಕಾ? ದೊಡ್ಡಮ್ಮ ನಿತ್ಯಪುಷ್ಪದ ಎಲೆಯ ಕಷಾಯ ಕೊಡಿ, ರಕ್ತಕಣ ಜಾಸ್ತಿಯಾಗುತ್ತೆ ಅನ್ನುತ್ತಿದ್ದಾರೆ. ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಗಾಬರಿ ಬೇಡ, ಆದರೆ ತಡವೂ ಬೇಡ. ಕಷಾಯ ಮಾತ್ರ ಖಂಡಿತ ಬೇಡ.

ಮೊದಲು ಆಂಟಿಬಯಾಟಿಕ್ ವಿಷಯ. ಬ್ಯಾಕ್ಟೀರಿಯಾ ಹೊರಗಿನಿಂದ ಬಂದದ್ದು. ಅದರ ಜೀವಕೋಶದ ಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ನಮ್ಮ ಕೋಶಗಳಿಗೆ ಅದಿಲ್ಲ. ಪೆನ್ಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಗೋಡೆಯೇ ಇಲ್ಲದ ನಮ್ಮ ಕೋಶಗಳಿಗೆ ಆ ಏಟು ಬೀಳುವುದಿಲ್ಲ. ಡಾಕ್ಸಿಸೈಕ್ಲಿನ್ ಮಾಡುವ ಕೆಲಸವೇ ಬೇರೆ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಾಗುವ ಜಾಗವನ್ನು ಅದು ಹಿಡಿದುಬಿಡುತ್ತದೆ. ನಮ್ಮಲ್ಲೂ ಅಂಥ ಜಾಗ ಇದೆ, ಆದರೆ ಅದರ ರಚನೆ ಬೇರೆ. ಭೇದಿ, ಅಲರ್ಜಿ ಆಗುವುದುಂಟು, ಆದರೆ ಕೂದಲಿನ ತಂಟೆಗೆ ಈ ಔಷಧಿಗಳು ಹೋಗುವುದಿಲ್ಲ.

ಕ್ಯಾನ್ಸರ್ ಹಾಗಲ್ಲ. ಅದು ನಮ್ಮದೇ ಕೋಶ, ಹದ್ದುಬಸ್ತಿಲ್ಲದೆ ಬೆಳೆಯುತ್ತಿದೆ ಅಷ್ಟೆ. ಹಾಗಾಗಿ ಹಳೆಯ ಕೀಮೋ ಔಷಧಿಗಳು ಒಂದೇ ಗುರುತು ನೋಡುತ್ತವೆ: ಯಾವ ಕೋಶ ಬೇಗ ಬೇಗ ಎರಡಾಗುತ್ತಿದೆ? ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ, ಇವೂ ಹಾಗೇ ಬೆಳೆಯುತ್ತವೆ. ಏಟು ಇವಕ್ಕೂ ಬೀಳುತ್ತದೆ. ಅಮ್ಮನಿಗೆ ಹಾಕಿದ ಕೆಂಪು ಔಷಧಿ ಬಹುಶಃ ಡಾಕ್ಸೊರುಬಿಸಿನ್. ಅದು ಕೋಶದ ಡಿಎನ್‌ಎಯೊಳಗೇ ತೂರಿಕೊಳ್ಳುತ್ತದೆ. ತಮಾಷೆಯೆಂದರೆ ಇದು ಸಿಕ್ಕಿದ್ದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ. ಹಿಂದೆ ಕ್ಷಯಕ್ಕೆ ಹೆಚ್ಚಾಗಿ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಬಂದದ್ದೂ ಅದೇ ಕುಲದಿಂದ. (ಔಷಧಿ ಹಾಕಿದ ಒಂದೆರಡು ದಿನ ಮೂತ್ರ ಕೆಂಪಾಗಬಹುದು. ಅದು ಔಷಧಿಯ ಬಣ್ಣ, ರಕ್ತ ಅಂತ ಹೆದರಬೇಡಿ.)

ಕ್ಯಾನ್ಸರ್ ಕೋಶದ ಬೇರೆ ಗುರುತು ಹಿಡಿಯುವ ಔಷಧಿಗಳೂ ಈಗ ಇವೆ. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ಒಂದು ಬಗೆಯ ರಕ್ತದ ಕ್ಯಾನ್ಸರಿನ ಕಥೆಯನ್ನೇ ಬದಲಿಸಿತು. ಸ್ತನ ಕ್ಯಾನ್ಸರಿನಲ್ಲಿ ‘ಹರ್-2 ಪಾಸಿಟಿವ್’ (ಅಂದರೆ ಕ್ಯಾನ್ಸರ್ ಕೋಶದ ಮೇಲೆ ಹರ್-2 ಎಂಬ ಪ್ರೋಟೀನ್ ಅತಿಯಾಗಿ) ಇದ್ದವರಿಗೆ ಟ್ರಾಸ್ಟುಜುಮ್ಯಾಬ್ ಇದೆ. ಅಮ್ಮನ ಬಯಾಪ್ಸಿ ರಿಪೋರ್ಟಿನಲ್ಲಿ ಅದು ಏನಿದೆ ಅಂತ ಡಾಕ್ಟರನ್ನು ಕೇಳಿ.

ಈಗ ಜ್ವರಕ್ಕೆ ಬರೋಣ. ಜನ ತಪ್ಪು ತಿಳಿಯುವುದೇ ಇಲ್ಲಿ. ಆಂಟಿಬಯಾಟಿಕ್ ಒಂದೇ ಸೋಂಕು ವಾಸಿ ಮಾಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಬ್ಯಾಕ್ಟೀರಿಯಾದ ಲೆಕ್ಕ ಇಳಿಸುತ್ತದೆ. ಉಳಿದದ್ದನ್ನು ಹುಡುಕಿ ನುಂಗಿ ಮುಗಿಸುವುದು ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೊಫಿಲ್. ರಕ್ತದಲ್ಲಿ ಇವುಗಳ ಆಯಸ್ಸು ತೀರಾ ಕಡಿಮೆ, ಮಜ್ಜೆ ದಿನಾ ಹೊಸದನ್ನು ಮಾಡುತ್ತಲೇ ಇರಬೇಕು. ಕೀಮೋ ಆ ಕೆಲಸ ನಿಲ್ಲಿಸಿದಾಗ, ಸಾಮಾನ್ಯವಾಗಿ ಔಷಧಿ ಹಾಕಿದ 7ರಿಂದ 14 ದಿನದೊಳಗೆ ಕೌಂಟ್ ಪಾತಾಳಕ್ಕಿಳಿಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೊಫಿಲ್ 500ಕ್ಕಿಂತ ಕೆಳಗಿಳಿದರೆ ಅಪಾಯ ಜಾಸ್ತಿ.

ಆಗ ಸೋಂಕಿನ ಲಕ್ಷಣಗಳೇ ಕಾಣದೆ ಹೋಗಬಹುದು. ಕೀವು ಅಂದರೆ ಬಹುಪಾಲು ಸತ್ತ ಬಿಳಿ ರಕ್ತಕಣಗಳು. ಕಣವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಗಾಯ ಊದದೆ ಇರಬಹುದು, ನ್ಯುಮೋನಿಯಾ ಇದ್ದರೂ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಅದಕ್ಕೇ 100.4 ಡಿಗ್ರಿ ಮುಟ್ಟಿದರೆ ಹೊರಡಿ. ಚಳಿ, ನಡುಕ ಬಂದರೆ ಜ್ವರ ಇಲ್ಲದಿದ್ದರೂ ಹೊರಡಿ. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗ್ಗೆ ನೋಡೋಣ ಅಂತ ಮಲಗುವುದು ದೊಡ್ಡ ತಪ್ಪು. ಮಾತ್ರೆಗೆ ಜ್ವರ ಇಳಿಯುತ್ತದೆ, ಒಳಗಿನ ಸೋಂಕು ಏರುತ್ತಲೇ ಇರುತ್ತದೆ. ಫೈಲ್ ಜೊತೆಗಿರಲಿ. ಕ್ಯಾಶುವಲ್ಟಿಯಲ್ಲಿ ಮೊದಲ ಮಾತೇ ‘ಕೀಮೋ ಆಗಿ ಇಷ್ಟು ದಿನ ಆಯ್ತು’ ಅಂತಿರಲಿ. ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಶುರುವಾಗಬೇಕು. ರಕ್ತಕಣ ಏರಿಸಲು ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್ ಇದೆ, ಯಾರಿಗೆ ಬೇಕು ಅನ್ನುವುದನ್ನು ಡಾಕ್ಟರ್ ನಿರ್ಧರಿಸುತ್ತಾರೆ.

ಇನ್ನು ನಿತ್ಯಪುಷ್ಪ. ಈ ಗಿಡಕ್ಕೂ ಕ್ಯಾನ್ಸರ್ ಚಿಕಿತ್ಸೆಗೂ ನಂಟಿರುವುದು ನಿಜ, ಆದರೆ ದೊಡ್ಡಮ್ಮ ಹೇಳಿದ ರೀತಿಯಲ್ಲಲ್ಲ. ಈ ಗಿಡದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ಬಂದಿವೆ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಸಕ್ಕರೆ ಕಾಯಿಲೆಗೆ ಇದರ ಎಲೆ ಆಗುತ್ತದಾ ಅಂತ ಇಲಿಗಳ ಮೇಲೆ ನೋಡಿದರು. ಸಕ್ಕರೆ ಇಳಿಯಲಿಲ್ಲ. ರಸ ಚುಚ್ಚಿಸಿಕೊಂಡ ಇಲಿಗಳ ಬಿಳಿ ರಕ್ತಕಣ ಇಳಿದು, ಅವು ಸೋಂಕಿನಿಂದ ಸತ್ತವು. ಅಂದರೆ ಈ ಗಿಡದ ಸತ್ವಕ್ಕೆ ಗೊತ್ತಿರುವುದು ಬಿಳಿ ರಕ್ತಕಣ ಇಳಿಸುವುದು, ಏರಿಸುವುದಲ್ಲ. ಆಸ್ಪತ್ರೆಯಲ್ಲಿ ವಿನ್‌ಕ್ರಿಸ್ಟಿನನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಒಂದು ಲೋಟ ಕಷಾಯದಲ್ಲಿ ಎಷ್ಟಿದೆ ಅಂತ ಅಳೆಯಲು ಯಾರಿಂದಲೂ ಆಗುವುದಿಲ್ಲ.