ಸೈಕಲ್ ಸಂದೇಹ: ಹಳೇ ಮಡಚುವ ಸೈಕಲ್ ತಗೊಳ್ಳಲಾ, ಬೇಡವಾ?

ಪ್ರಶ್ನೆ: ನನ್ನ ಮನೆ ಉತ್ತರಹಳ್ಳಿ, ಕೆಲಸ ಪೀಣ್ಯದಲ್ಲಿ. ಎರಡೂ ಕಡೆ ಮೆಟ್ರೊ ನಿಲ್ದಾಣ ನಡೆಯೋಕೆ ದೂರ. ಆಟೊದವರಿಗೆ ಅದೇ ದೂರ ತೀರಾ ಹತ್ತಿರ, ಬರೋದಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು ಹತ್ತು ವರ್ಷದ ಹಳೇ ಡಹಾನ್ ಕಂಪನಿಯ ಮಡಚುವ ಸೈಕಲ್ ಮಾರ್ತಿದ್ದಾರೆ. 20 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮು. “ಬಾಲ್ಕನಿಯಲ್ಲೇ ಇತ್ತು, ಓಡಿಸಿದ್ದೇ ಕಡಿಮೆ” ಅಂತಾರೆ. 14 ಸಾವಿರ ಹೇಳಿದ್ದಾರೆ. ತಗೊಳ್ಳಬಹುದಾ? ನನಗೆ 46 ವರ್ಷ, ಮೊಣಕಾಲು ಚೆನ್ನಾಗಿವೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊಣಕಾಲಿಗಿಂತ ಭುಜದ ವಿಷಯ ಬರೆಯಬೇಕಿತ್ತು ಮೇಡಂ. ಈ ಜಾತಿಯ ಸೈಕಲ್ ಸುಮಾರು 12 ಕೆ.ಜಿ. ತೂಗುತ್ತೆ. ಲಿಫ್ಟ್ ಕೆಟ್ಟ ದಿನ ಅದನ್ನು ಎತ್ತಿಕೊಂಡು ಬನಶಂಕರಿ ನಿಲ್ದಾಣದ ಮೆಟ್ಟಿಲು ಹತ್ತೋರು ನೀವೇ. ಹಾಗಾಗಿ ಮಾರುವವರು ಮಡಚಿ ತೋರಿಸಿದರೆ ನೋಡಿ ತಲೆಯಾಡಿಸಿ ಬರಬೇಡಿ. ನೀವೇ ನಾಲ್ಕೈದು ಸಲ ಮಡಚಿ, ಬಿಚ್ಚಿ, ಎರಡು ಮಹಡಿ ಹತ್ತಿ ನೋಡಿ. ಅಲ್ಲೇ ಬೇಜಾರು ಬಂತೋ, ಮುಂದಿನದನ್ನು ಓದೋದೇ ಬೇಡ.

ಮೆಟ್ರೊದವರು ಮಡಚಿದ ಸೈಕಲ್ ಬಿಡ್ತಾರೆ. ಆದರೆ ತೂಕಕ್ಕೂ ಅಳತೆಗೂ ಮಿತಿ ಇದೆ, 20 ಇಂಚಿನ ಚಕ್ರದ್ದು ಮಡಚಿದರೂ ದೊಡ್ಡ ಸೂಟ್‌ಕೇಸಿಗಿಂತ ದಪ್ಪ. ಮಡಚಿಟ್ಟು ಟೇಪು ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊಂಡು ಹೋಗಿ ನಿಮ್ಮ ನಿಲ್ದಾಣದಲ್ಲೇ ಕೇಳಿ. ದುಡ್ಡು ಕೊಡೋಕೆ ಮುಂಚೆ.

ಇನ್ನು ಸೈಕಲ್ಲು. ಜನ ಮೊದಲು ಪೇಂಟು ನೋಡ್ತಾರೆ, ಆಮೇಲೆ ಗೇರು. ಎರಡನ್ನೂ ಕೊನೆಗೆ ನೋಡಿದರೆ ಸಾಕು. ಮಡಚುವ ಸೈಕಲ್ಲಿನ ಜೀವ ಎರಡು ಕೀಲುಗಳಲ್ಲಿದೆ: ಫ್ರೇಮಿನ ನಡುವೆ ಒಂದು, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು. ನಡುವಿನ ಕೀಲಿನ ಲಿವರ್ ಮುಚ್ಚಿ. ಅಂಗೈ ಒತ್ತಿ ಬಲ ಹಾಕಿದರೆ ಮಾತ್ರ ಕೂರಬೇಕು. ಒಂದೇ ಬೆರಳಿಗೆ ಕೂತರೆ ಸಡಿಲವಾಗಿದೆ ಅಂತ ಅರ್ಥ. ಬಿಗಿ ಮಾಡೋಕೆ ಅಲ್ಲೇ ನಟ್ಟು ಇರುತ್ತೆ, ಅದು ದೊಡ್ಡ ವಿಷಯ ಅಲ್ಲ. ಬಿಗಿ ಮಾಡಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳು ಕೀಲಿನ ಸಂದಿಯ ಮೇಲೇ ಇರಲಿ. ಬೆರಳಿಗೆ ‘ಟಿಕ್’ ಅಂತ ಸಿಕ್ಕಿತೋ, ಒಳಗಿನ ಪಿನ್ನು ಸವೆದಿದೆ. ಹಾಗೇ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ತಳ್ಳಿ, ಎಳೆದು ನೋಡಿ. ಹ್ಯಾಂಡಲ್ ಕೀಲು ಓಡುವಾಗ ಬಿಟ್ಟುಕೊಂಡರೆ ಬ್ರೇಕೂ ಕೈಗೆ ಸಿಗೋದಿಲ್ಲ. ಅದರಲ್ಲಿ ನಾನು ರಾಜಿ ಆಗೋದಿಲ್ಲ.

ಆಮೇಲೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಎರಡೂ ಕೀಲುಗಳ ವೆಲ್ಡಿಂಗ್ ಒರೆಸಿ, ಹಗಲು ಬೆಳಕಿನಲ್ಲಿ ಉಗುರು ಎಳೆಯಿರಿ. ಉಗುರು ತಡೆದ ಕಡೆ ಪೇಂಟು ಬಿರಿದಿರಬಹುದು, ಲೋಹವೇ ಬಿರಿದಿರಬಹುದು. ಅನುಮಾನ ಬಂದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. “ವೆಲ್ಡ್ ಮಾಡಿಸಿಕೊಡ್ತೀನಿ” ಅಂದರೆ ಇನ್ನೂ ಬೇಗ ಬನ್ನಿ. ಇಂಥ ಫ್ರೇಮಿನ ಅಲ್ಯೂಮಿನಿಯಂ ಕಾಯಿಸಿ ಹದ ಮಾಡಿದ್ದು. ಬೀದಿ ಬದಿಯಲ್ಲಿ ಮತ್ತೆ ಕಾಯಿಸಿದರೆ ಆ ಹದ ಹೋಗಿ, ಬೆಸುಗೆ ಪಕ್ಕದಲ್ಲೇ ಮುರಿಯುತ್ತೆ.

ಸೀಟಿನ ಕಂಬ ಪೂರ್ತಿ ಹೊರಗೆ ಎಳೆಯಿರಿ. ಹತ್ತು ವರ್ಷ ಒಂದೇ ಕಡೆ ನಿಂತ ಸೈಕಲ್ಲಲ್ಲಿ ಅದು ಕಚ್ಚಿಕೊಂಡಿರೋದುಂಟು. ಸೀಟು ಇಳಿಯದಿದ್ದರೆ ಮಡಚಿಯೂ ಪ್ರಯೋಜನವಿಲ್ಲ. ಕಂಬದ ಮೇಲೆ ಇಲ್ಲಿಗಿಂತ ಮೇಲೆತ್ತಬೇಡಿ ಅನ್ನೋ ಗೆರೆ ಇರುತ್ತೆ. ನಿಮ್ಮ ಎತ್ತರಕ್ಕೆ ಸೀಟು ಏರಿಸಿದಾಗ ಆ ಗೆರೆ ಒಳಗೇ ಇರಬೇಕು.

ಟಯರಿನ ಪಕ್ಕದಲ್ಲಿ ಅದು ಕೂರುವ ರಿಮ್ಮಿನ ಅಳತೆ (ಮಿ.ಮೀ.) 406 ಅಂತ ಅಚ್ಚಾಗಿದ್ದರೆ ಚಿಂತೆಯಿಲ್ಲ, ಮಕ್ಕಳ 20 ಇಂಚಿನ ಸೈಕಲ್ಲಿನ ಟಯರು, ಟ್ಯೂಬು ಅದಕ್ಕೆ ಆಗುತ್ತೆ. 451 ಅಂತಿದ್ದರೆ ಅದೂ 20 ಇಂಚೇ, ಆದರೆ ಟಯರಿಗಾಗಿ ಊರೆಲ್ಲ ಸುತ್ತಬೇಕು. ಇನ್ನೊಂದು: ಡಹಾನ್‌ನಲ್ಲಿ ಮುಂದಿನ ಹಬ್ಬು (ಚಕ್ರದ ನಡುವಿನ ಗುಂಬ) ಸಾಮಾನ್ಯವಾಗಿ 74 ಮಿ.ಮೀ. ಅಗಲದ್ದು, ಬೇರೆ ಸೈಕಲ್ಲುಗಳದ್ದು 100. ಅಂಗಡಿಯ ಮಾಮೂಲಿ ಚಕ್ರ ಆ ಫೋರ್ಕಿಗೆ, ಅಂದರೆ ಚಕ್ರ ಹಿಡಿಯುವ ಕವಲಿಗೆ, ಹೋಗೋದಿಲ್ಲ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಗರಗರ ಅನ್ನದೆ ತಿರುಗಬೇಕು. ಸ್ವಲ್ಪ ಬೆಂಡಾಗಿದ್ದರೆ ಕಡ್ಡಿ ಬಿಗಿ ಮಾಡಿ ತೆಗೆಯಬಹುದು.

ಬಾಲ್ಕನಿಯಲ್ಲೇ ಇತ್ತು ಅನ್ನೋದನ್ನು ಅವರು ಹೊಗಳಿಕೆ ಅಂದುಕೊಂಡು ಹೇಳಿದ್ದಾರೆ. ಬಿಸಿಲಿಗೆ ಟಯರು ಸೀಳುತ್ತೆ, ಬ್ರೇಕ್ ರಬ್ಬರ್ ಕಲ್ಲಾಗುತ್ತೆ, ಮಳೆಗೆ ಕೇಬಲ್ ತುಕ್ಕು ಹಿಡಿಯುತ್ತೆ. ಇವನ್ನೆಲ್ಲ ಬದಲಿಸಲೇಬೇಕು ಅಂತ ಲೆಕ್ಕ ಹಾಕಿ, ಕೂಲಿ ಸೇರಿ ಮೂರು ಸಾವಿರ ಎತ್ತಿಡಿ. ಚೈನಿಗೆ ಸ್ಕೇಲ್ ಹಿಡಿಯಿರಿ, ಸೊನ್ನೆ ಒಂದು ಪಿನ್ನಿನ ನಡುವೆ ಬರಲಿ: ಹೊಸದಾದರೆ 12 ಇಂಚಿಗೆ ಇನ್ನೊಂದು ಪಿನ್ನು ಸರಿಯಾಗಿ ಕೂರುತ್ತೆ. ಆ ಪಿನ್ನು 12ರ ಗೆರೆಯಿಂದ 1/16 ಇಂಚಿಗಿಂತ ಆಚೆ ಹೋಗಿದ್ದರೆ ಚೈನು ಹೋಗಿದೆ, 1/8 ದಾಟಿದ್ದರೆ ಹಿಂದಿನ ಹಲ್ಲುಗಳೂ ಹೋಗಿವೆ. ಓಡಿಸಿದ್ದು ಕಡಿಮೆ ಅನ್ನೋ ಮಾತು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತೆ.

ಕೀಲು ಗಟ್ಟಿ, ಚೈನು ಸರಿ, ಮೆಟ್ಟಿಲೂ ಹತ್ತಿದಿರಿ ಅಂದರೆ ಹತ್ತು ಸಾವಿರಕ್ಕೆ ಕೇಳಿ, ಹನ್ನೊಂದಕ್ಕೆ ನಿಲ್ಲಿಸಿ. 14 ನಾನಂತೂ ಕೊಡೋದಿಲ್ಲ.

ಪ್ರಶ್ನೆ: ಚಕ್ರ ಚಿಕ್ಕದಾದರೆ ಜಾಸ್ತಿ ತುಳಿಯಬೇಕಲ್ಲವೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಅದಕ್ಕೇ ಮುಂದಿನ ಹಲ್ಲುಚಕ್ರ ದೊಡ್ಡದಾಗಿ ಇಟ್ಟಿರುತ್ತಾರೆ, 52 ಹಲ್ಲಿನದು ಸಾಮಾನ್ಯ. ಒಂದು ತುಳಿತಕ್ಕೆ ಹೋಗುವ ದೂರ ಹೆಚ್ಚುಕಡಿಮೆ ಮಾಮೂಲಿ ಸೈಕಲ್ಲಿನಷ್ಟೇ. ತೊಂದರೆ ಇರೋದು ಗುಂಡಿಯಲ್ಲಿ. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಹಳ್ಳಕ್ಕೆ ಚಿಕ್ಕದು ಇಳಿದುಬಿಡುತ್ತೆ. ಟಯರು ಸ್ವಲ್ಪ ದಪ್ಪದ್ದು ಹಾಕಿಸಿ, ಮಳೆ ನೀರು ನಿಂತ ಕಡೆ ಇಳಿದು ತಳ್ಳಿಕೊಂಡು ಹೋಗಿ.