ಬ್ಯಾನರ್ ಕಟ್ಟಿದರೆ ಕಾಯಿಲೆ ಹೋಗುತ್ತಾ?

ಪ್ರಶ್ನೆ: ಡಾಕ್ಟ್ರೇ, ಜೂನ್ ಬಂದರೆ ಮಲೇರಿಯಾ ಜಾಗೃತಿ ಮಾಸ, ಜುಲೈಗೆ ಡೆಂಗಿ, ಅಕ್ಟೋಬರ್‌ಗೆ ಸ್ತನ ಕ್ಯಾನ್ಸರ್. ಸುಮ್ನೆ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುವುದಕ್ಕಾ ಇದೆಲ್ಲ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಫೋಟೋ ಜಾಸ್ತಿ ಆಗಿರುವುದು ನಿಜ, ನನಗೂ ಸಿಟ್ಟು ಬರುತ್ತದೆ. ಆದರೆ ಜೂನ್, ಜುಲೈ ಲೆಕ್ಕ ಸರಿಯಾಗೇ ಇದೆ. ನಮ್ಮಲ್ಲಿ ಮಳೆ ಹಿಡಿಯುವುದೇ ಆಗ ಅಲ್ವಾ? ತೋಟದ ಕೆಲಸಗಾರರ ಲೈನ್‌ಮನೆ ಹಿಂದೆ ಹೋಗಿ ನೋಡಿ. ಕಾಫಿ ಒಣಗಿಸಿದ ಟಾರ್ಪಾಲಿನ ಮಡಿಕೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಒಂದು ಲೋಟ ನೀರು ನಿಂತರೂ ಡೆಂಗಿ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಕವುಚಿ ಹಾಕಿ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ರಾತ್ರಿ ಪರದೆ ಕಟ್ಟಿದೆ ಎಂದು ನಿಶ್ಚಿಂತೆ ಬೇಡ.

ಅಕ್ಟೋಬರ್‌ನ ಸ್ತನ ಕ್ಯಾನ್ಸರ್ ಜಾಗೃತಿ ಮಾಸ 1985ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಆದರೂ ಕೊಡಗಿಗೇ ಹೇಳಿ ಮಾಡಿಸಿದ ಹಾಗಿದೆ. ತುಲಾ ಸಂಕ್ರಮಣ ಕಳೆದು ಕಾಫಿ ಕೊಯ್ಲು ಶುರುವಾದರೆ ಹೆಂಗಸರದು ಒಂದೇ ಮಾತು: "ಕೊಯ್ಲು ಮುಗೀಲಿ ಡಾಕ್ಟ್ರೇ." ಅರೇಬಿಕಾ ಆಗಿ ರೊಬಸ್ಟಾ ಮುಗಿಯುವಷ್ಟರಲ್ಲಿ ತಿಂಗಳುಗಳೇ ಹೋಗಿರುತ್ತವೆ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ, ನೋವಿಲ್ಲದಿದ್ದರೂ, ಕೊಯ್ಲಿಗೆ ಮೊದಲೇ ಬಂದು ತೋರಿಸಿ.